ನೇಲ್ ಸಲೂನಿಗೆ ಹೋಗುವ ಮುನ್ನ: ಕೊಡುವ ಹಣಕ್ಕೆ ತಕ್ಕ ಕೆಲಸವನ್ನು ಗುರುತಿಸುವ ಬಗೆ

ಬೆಂಗಳೂರಿನ ಜಯನಗರ, ಮಲ್ಲೇಶ್ವರ, ಇಂದಿರಾನಗರಗಳಂಥ ಬಡಾವಣೆಗಳಲ್ಲಿ ಒಂದೇ ರಸ್ತೆಯಲ್ಲಿ ಎರಡು ಮೂರು ನೇಲ್ ಸಲೂನುಗಳು ಕಾಣಸಿಗುವ ಕಾಲ ಇದು. ಒಂದು ಕಡೆ ಜೆಲ್ ಪಾಲಿಶಿಗೆ ₹500 ಹೇಳಿದರೆ, ನಾಲ್ಕು ಹೆಜ್ಜೆ ಆಚೆಗೆ ಅದೇ ಕೆಲಸಕ್ಕೆ ₹1,500 ಹೇಳುತ್ತಾರೆ. ಎರಡೂ ಕಡೆಯಿಂದ ಹೊರಬರುವಾಗ ಉಗುರು ಒಂದೇ ಬಗೆಯಲ್ಲಿ ಹೊಳೆಯುತ್ತಿರುತ್ತದೆಯಾದ್ದರಿಂದ, ಹೆಚ್ಚು ಕೊಟ್ಟವರು ಮೋಸಹೋದರೆಂದು ಅನ್ನಿಸುವುದು ಸಹಜ. ಆದರೆ ಈ ಕೆಲಸದ ಗುಣಮಟ್ಟ ಮೊದಲ ದಿನದ ಹೊಳಪಿನಲ್ಲಿ ಕಾಣುವುದಿಲ್ಲ. ಹತ್ತನೆಯ ದಿನ ಬಣ್ಣದ ಅಂಚು ಎದ್ದಿದೆಯೇ, ಮೂರು ವಾರಗಳ ನಂತರ ಬಣ್ಣ ತೆಗೆಸಿದಾಗ ಕೆಳಗಿನ ಉಗುರು ಮೊದಲಿನಷ್ಟೇ ದಪ್ಪವಾಗಿದೆಯೇ, ಸುತ್ತಲಿನ ಚರ್ಮ ಕೆಂಪಾಗದೆ ಉಳಿದಿದೆಯೇ ಎಂಬುದರಲ್ಲಿ ಅದು ತಿಳಿಯುತ್ತದೆ. ಹಾಗಾಗಿ ನಾವು ಹಣ ಕೊಡಬೇಕಾದದ್ದು ಉಪಕರಣಗಳ ಶುಚಿತ್ವಕ್ಕೆ, ಬಣ್ಣ ಹಚ್ಚುವ ಮೊದಲಿನ ತಯಾರಿಗೆ ಮತ್ತು ಹಚ್ಚಿದ್ದನ್ನು ತೆಗೆಯುವ ತಾಳ್ಮೆಗೆ. ಬಣ್ಣ, ಮಿನುಗು, ಕಲ್ಲು, ಚಿತ್ತಾರಗಳಲ್ಲಿ ಎಷ್ಟು ಬೇಕಾದರೂ ಉಳಿತಾಯ ಮಾಡಬಹುದು. ಆದರೆ ಮೊದಲು ಹೇಳಿದ ಆ ಮೂರರಲ್ಲಿ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣ ಉಗುರಿನ ಸ್ವಭಾವದಲ್ಲೇ ಇದೆ. ನಮಗೆ ಕಾಣುವ ಉಗುರು ಕೆರಾಟಿನ್ ಎಂಬ ಪ್ರೋಟೀನಿನ ಜೀವವಿಲ್ಲದ ಪದರಗಳ ರಾಶಿ. ಚರ್ಮದ ಗಾಯ ಮಾಯುವ ಹಾಗೆ ಅದು ಮಾಯುವುದಿಲ್ಲ. ಹಾಳಾದ ಭಾಗ ಬೆಳೆಯುತ್ತಾ ತುದಿಗೆ ಬಂದು ಕತ್ತರಿಸಿ ಹೋಗಬೇಕು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಆಷಾಢದಲ್ಲಿ ಗೋರಂಟಿ ಹಚ್ಚಿಕೊಂಡ ಬೆರಳುಗಳನ್ನು ಗಮನಿಸಿದವರಿಗೆ ಇದು ಗೊತ್ತೇ ಇರುತ್ತದೆ: ಅಂಗೈಯ ಕೆಂಪು ಕೆಲವೇ ವಾರಗಳಲ್ಲಿ ಮಾಸಿಹೋದರೂ, ಉಗುರಿನ ಬುಡದಲ್ಲಿ ಬಿಳಿಯ ಅರ್ಧಚಂದ್ರ ನಿಧಾನವಾಗಿ ದೊಡ್ಡದಾಗುತ್ತಾ, ನವರಾತ್ರಿಯ ಹೊತ್ತಿಗೂ ತುದಿಯಲ್ಲಿ ಕೆಂಪು ಉಳಿದಿರುತ್ತದೆ. ಒಂದು ಉಗುರು ಪೂರ್ತಿ ಹೊಸದಾಗಲು ಆರು ತಿಂಗಳಷ್ಟು ಬೇಕು, ಕಾಲಿನ ಹೆಬ್ಬೆರಳಿಗೆ ಒಂದು ವರ್ಷದಿಂದ ಒಂದೂವರೆ ವರ್ಷ. ಅವಸರದ ಕೈ ಹತ್ತು ನಿಮಿಷದಲ್ಲಿ ತೆಳುಮಾಡಿದ ಉಗುರನ್ನು ಅರ್ಧ ವರ್ಷ ಹೊತ್ತು ತಿರುಗಬೇಕಾಗುತ್ತದೆ ಎಂಬುದನ್ನು ಬೆಲೆ ತೂಗುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯಾವ ಕೆಲಸ ಬೇಕೆಂದು ಮನೆಯಲ್ಲೇ ನಿರ್ಧರಿಸಿ

ಸಲೂನಿನ ಕುರ್ಚಿಯಲ್ಲಿ ಕುಳಿತ ಮೇಲೆ ನಿರ್ಧಾರ ಮಾಡುವವರು ಸಾಮಾನ್ಯವಾಗಿ ದುಬಾರಿಯಾದದ್ದನ್ನೇ ಒಪ್ಪಿಕೊಂಡುಬಿಡುತ್ತಾರೆ. ಸಾಧಾರಣ ನೇಲ್ ಪಾಲಿಶ್ ಐದಾರು ದಿನ ಚೆನ್ನಾಗಿರುತ್ತದೆ, ಅದನ್ನು ಮನೆಯಲ್ಲೇ ತೆಗೆಯಬಹುದು. ಜೆಲ್ ಪಾಲಿಶ್ ದೀಪದ ಬೆಳಕಿನಲ್ಲಿ ಗಟ್ಟಿಯಾಗುವಂಥದ್ದು, ಎರಡರಿಂದ ಮೂರು ವಾರ ಉಳಿಯುತ್ತದೆ. ಉಗುರನ್ನು ಉದ್ದಮಾಡುವ ಎಕ್ಸ್‌ಟೆನ್ಷನ್ನುಗಳು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನಂಥ ಪದಾರ್ಥದಲ್ಲಾಗಲಿ ಜೆಲ್ಲಿನಲ್ಲಾಗಲಿ ಒಂದು ಸಲ ಮಾಡಿಸಿ ಮರೆಯುವ ಕೆಲಸವಲ್ಲ. ಉಗುರು ಬೆಳೆದಂತೆ ಬುಡದಲ್ಲಿ ಬೀಳುವ ತೆರವನ್ನು ಎರಡು ಮೂರು ವಾರಕ್ಕೊಮ್ಮೆ ತುಂಬಿಸಬೇಕಾಗುತ್ತದೆ.

ಆದ್ದರಿಂದ ಬೋರ್ಡಿನ ಮೇಲಿನ ಬೆಲೆಯ ಬದಲು ಮೂರು ತಿಂಗಳ ವೆಚ್ಚವನ್ನು ಹೋಲಿಸಿ ನೋಡಿ. ಎಕ್ಸ್‌ಟೆನ್ಷನ್ನಿಗೆ ₹2,000, ಪ್ರತಿ ಮೂರು ವಾರಕ್ಕೆ ತುಂಬಿಸಲು ₹1,200, ಕೊನೆಗೆ ತೆಗೆಸಲು ₹400 ಎಂದಿಟ್ಟುಕೊಂಡರೆ, ಹನ್ನೆರಡು ವಾರಗಳಲ್ಲಿ ಮೂರು ಸಲ ತುಂಬಿಸಿ ಒಟ್ಟು ₹6,000 ಆಗುತ್ತದೆ. ಅದೇ ಅವಧಿಯಲ್ಲಿ ₹900ರ ಜೆಲ್ ಪಾಲಿಶನ್ನು ನಾಲ್ಕು ಸಲ ಹಾಕಿಸಿ, ಪ್ರತಿ ಸಲ ₹200 ಕೊಟ್ಟು ತೆಗೆಸಿದರೂ ₹4,400 ಆಗುತ್ತದೆ. ಇನ್ನೂ ಒಂದು ಹೋಲಿಕೆ ಮಾಡಿ: ₹600ರ ಜೆಲ್ ಎಂಟೇ ದಿನಕ್ಕೆ ಸಿಪ್ಪೆ ಏಳುವುದಾದರೆ ದಿನಕ್ಕೆ ₹75 ಬಿತ್ತು; ₹1,000ದ ಜೆಲ್ ಇಪ್ಪತ್ತು ದಿನ ಉಳಿದರೆ ದಿನಕ್ಕೆ ₹50 ಮಾತ್ರ.

ನಿಮ್ಮ ದಿನಚರಿಯೂ ಈ ಲೆಕ್ಕದಲ್ಲಿ ಸೇರಬೇಕು. ಕೈಯಲ್ಲಿ ಕಲಸಿ ಊಟಮಾಡುವ ನಮಗೆ ಅರಿಶಿನದ ತೊಂದರೆ ದೊಡ್ಡದು. ಹುಳಿ, ಚಿತ್ರಾನ್ನಗಳ ಅರಿಶಿನ ಬಿಳಿ, ತಿಳಿಗುಲಾಬಿ, ಕೆನೆ ಬಣ್ಣದ ಜೆಲ್ಲಿಗೆ ಹಿಡಿದುಕೊಳ್ಳುತ್ತದೆ. ಹೊಳಪಿಲ್ಲದ ಮ್ಯಾಟ್ ಮೇಲ್ಪದರಕ್ಕಂತೂ ಇನ್ನೂ ಬೇಗ. ಎರಡನೆಯ ದಿನವೇ ಹಳದಿಯಾಗುವ ಬಿಳಿಯ ಉಗುರಿಗೆ ಸಾವಿರಾರು ರೂಪಾಯಿ ಸುರಿಯುವುದಕ್ಕಿಂತ ಮರೂನ್, ಇಟ್ಟಿಗೆ ಕೆಂಪು, ಕಂದುಗಳನ್ನು ಆರಿಸುವುದು ಜಾಣತನ. ದಿನಾ ಚಪಾತಿ ಹಿಟ್ಟು ನಾದುವವರಿಗೆ, ಮುದ್ದೆ ಮುರಿದು ಉಣ್ಣುವವರಿಗೆ, ಪಾತ್ರೆ ತೊಳೆಯುವವರಿಗೆ ಉದ್ದನೆಯ ಎಕ್ಸ್‌ಟೆನ್ಷನ್ ಹೊಂದುವುದಿಲ್ಲ: ಉಗುರಿನ ಅಡಿಯಲ್ಲಿ ಹಿಟ್ಟು ಸಿಕ್ಕಿಕೊಳ್ಳುತ್ತದೆ, ನೀರಿನಲ್ಲಿ ಉಬ್ಬಿ ಮತ್ತೆ ಒಣಗುವ ಉಗುರಿನ ಮೇಲೆ ಯಾವ ಪದರವೂ ಬಹುಕಾಲ ನಿಲ್ಲುವುದಿಲ್ಲ. ರೋಗಿಗಳನ್ನು ನೇರವಾಗಿ ಆರೈಕೆ ಮಾಡುವ ದಾದಿಯರು, ವೈದ್ಯರು ಕೃತಕ ಉಗುರು ಹಾಕಿಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈಶುಚಿತ್ವ ಮಾರ್ಗಸೂಚಿ ಹೇಳುತ್ತದೆ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿರುವವರು ಅದು ಮುಗಿಯುವವರೆಗೆ ಜೆಲ್ ಹಾಕಿಸದಿರುವುದು ಒಳ್ಳೆಯದು. ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಳತೆಗೆ ಗಾಢ ಬಣ್ಣ ಅಡ್ಡಬರಬಹುದು.

ಫೋನಿನಲ್ಲಿ ಕೇಳಬೇಕಾದದ್ದು

ಬೆಲೆಪಟ್ಟಿಯಲ್ಲಿ "₹499ರಿಂದ ಆರಂಭ" ಎಂದಿರುವ ಕಡೆ ಒಟ್ಟು ಮೊತ್ತ ಎಷ್ಟೆಂದು ನೇರವಾಗಿ ಕೇಳಿ. ಹಳೆಯ ಬಣ್ಣ ತೆಗೆಯುವುದಕ್ಕೆ ಬೇರೆ ದರ, ಚಿತ್ತಾರಕ್ಕೆ ಬೆರಳಿನ ಲೆಕ್ಕದಲ್ಲಿ ಬೇರೆ ದರ, ಕ್ರೋಮ್ ಅಥವಾ ಕ್ಯಾಟ್‌ಐ ಬಣ್ಣಕ್ಕೆ ಇನ್ನೊಂದು ದರ ಎಂದು ಕೂಡುತ್ತಾ ಹೋದರೆ ಕೊನೆಯ ಬಿಲ್ಲು ಬೋರ್ಡಿನ ಬೆಲೆಯ ಎರಡರಷ್ಟಾಗುವುದುಂಟು. ತೆರಿಗೆಯ ವಿಷಯದಲ್ಲೂ ಎಚ್ಚರ ಬೇಕು. ಸಲೂನ್ ಸೇವೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5 ಆಗಿದೆ. ಬಿಲ್ಲಿನಲ್ಲಿ ಹಳೆಯ ದರವೇ ಮುಂದುವರಿದಿದ್ದರೆ ಪ್ರಶ್ನಿಸಿ; ಜಿಎಸ್‌ಟಿ ನೋಂದಣಿ ಸಂಖ್ಯೆಯೇ ಇಲ್ಲದ ಬಿಲ್ಲಿನಲ್ಲಿ ಆ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ. ಮೊದಲ ಭೇಟಿಯಲ್ಲೇ ಹತ್ತು ಸಾವಿರ ಮುಂಗಡ ಕಟ್ಟಿ ಸದಸ್ಯರಾಗಲು ಒತ್ತಾಯಿಸಿದರೆ ಒಪ್ಪಬೇಡಿ. ಒಂದು ಕೆಲಸವನ್ನು ಮಾಡಿಸಿ, ಅದನ್ನು ಅಲ್ಲಿಯೇ ತೆಗೆಸಿ, ಕೆಳಗಿನ ಉಗುರನ್ನು ನೋಡಿದ ಮೇಲಷ್ಟೇ ಆ ಮಾತು.

ಬೆಲೆಗಿಂತ ಹೆಚ್ಚು ವಿಷಯ ತಿಳಿಸುವ ಪ್ರಶ್ನೆ ಇನ್ನೊಂದಿದೆ: "ಜೆಲ್ ಮ್ಯಾನಿಕ್ಯೂರಿಗೆ ಎಷ್ಟು ಹೊತ್ತು ಹಿಡಿಯುತ್ತದೆ?" ಹಳೆಯ ಬಣ್ಣ ತೆಗೆದು, ಉಗುರು ತಿದ್ದಿ, ಎಣ್ಣೆಯಂಶ ಒರೆಸಿ, ಪದರ ಪದರವಾಗಿ ಹಚ್ಚುವ ಕೆಲಸಕ್ಕೆ ಒಂದು ಗಂಟೆಗೆ ಕಡಿಮೆಯಿಲ್ಲದ ಸಮಯ ಬೇಕು. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಮುಗಿಸುತ್ತೇವೆ ಎನ್ನುವವರು ತಯಾರಿಯನ್ನು ಕೈಬಿಡುತ್ತಾರೆ. ಹಳೆಯ ಸುಣ್ಣವನ್ನು ಕೆರೆಯದೆ ಗೋಡೆಗೆ ಹೊಸ ಬಣ್ಣ ಬಳಿದಂತೆ ಅದು ಹೆಚ್ಚು ದಿನ ಬಾಳುವುದಿಲ್ಲ. ಅಗ್ಗದ ದರದ ಗುಟ್ಟು ಹೆಚ್ಚಾಗಿ ಇರುವುದು ಇಲ್ಲಿಯೇ: ಒಬ್ಬ ಕೆಲಸಗಾರ್ತಿ ದಿನಕ್ಕೆ ಎಷ್ಟು ಜನರನ್ನು ಮುಗಿಸುತ್ತಾಳೆ ಎಂಬುದರಲ್ಲಿ.

ಕುಳಿತುಕೊಳ್ಳುವ ಮೊದಲು ನೋಡಬೇಕಾದದ್ದು

ಒಳಗೆ ಕಾಲಿಟ್ಟಾಗ ಗೋಡೆಯ ಅಲಂಕಾರವನ್ನು ಬಿಟ್ಟು ಮೇಜಿನ ಮೇಲಿನ ಉಪಕರಣಗಳನ್ನು ನೋಡಿ. ಚರ್ಮ ತಳ್ಳುವ ಲೋಹದ ಪುಷರ್, ಚರ್ಮ ಕತ್ತರಿಸುವ ನಿಪ್ಪರ್‌ಗಳನ್ನು ಆಟೋಕ್ಲೇವಿನಲ್ಲಿ ಒತ್ತಡದ ಹಬೆಯಿಂದ 121 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹದಿನೈದು ನಿಮಿಷಕ್ಕೂ ಹೆಚ್ಚು ಕಾಲ ಇಟ್ಟರೆ ಅವು ಪೂರ್ತಿ ಕ್ರಿಮಿಮುಕ್ತವಾಗುತ್ತವೆ. ಅಂಥ ಸಲೂನಿನಲ್ಲಿ ಉಪಕರಣಗಳು ಮುಚ್ಚಿದ ಕಾಗದದ ಚೀಲದಲ್ಲಿ ಇರುತ್ತವೆ. ಚೀಲದ ಅಂಚಿನಲ್ಲಿ ಅಚ್ಚಾಗಿರುವ ಗುರುತು ಹಬೆಯ ಶಾಖಕ್ಕೆ ಬಣ್ಣ ಬದಲಿಸಿರುತ್ತದೆ, ಮತ್ತು ಆ ಚೀಲವನ್ನು ನಿಮ್ಮ ಕಣ್ಣೆದುರೇ ಹರಿದು ತೆರೆಯುತ್ತಾರೆ. ಬಹಳ ಕಡೆ ಕಾಣುವ ನೀಲಿ ದೀಪದ ಯುವಿ ಪೆಟ್ಟಿಗೆ ಇದಕ್ಕೆ ಸಾಟಿಯಲ್ಲ. ಬೆಳಕು ತಾಗಿದ ಮೇಲ್ಮೈಗಷ್ಟೇ ಅದರ ಪ್ರಭಾವ, ನಿಪ್ಪರಿನ ಸಂದಿಗೆ ಅದು ತಲುಪುವುದಿಲ್ಲ. ಉಗುರು ಉಜ್ಜುವ ಫೈಲ್, ಸ್ಪಂಜಿನಂಥ ಬಫರ್, ಕಿತ್ತಳೆ ಮರದ ಕಡ್ಡಿ ಇವುಗಳ ಸೂಕ್ಷ್ಮ ರಂಧ್ರಗಳನ್ನು ಶುಚಿಗೊಳಿಸುವುದು ಸಾಧ್ಯವೇ ಇಲ್ಲ, ಒಬ್ಬರಿಗೆ ಬಳಸಿ ಎಸೆಯಬೇಕು. ಫೈಲಿನ ಮೇಲೆ ಹಿಂದಿನವರ ಉಗುರಿನ ಬಿಳಿಪುಡಿ ಕಂಡರೆ ಎದ್ದು ಬನ್ನಿ.

ಬಜೆಟ್ಟು ಸಣ್ಣದಿರುವವರಿಗೆ ನನ್ನ ಸಲಹೆ ಸರಳವಾಗಿದೆ. ಫೈಲ್, ಬಫರ್, ಪುಷರ್ ಮತ್ತು ನಿಪ್ಪರ್ ಇರುವ ಸ್ವಂತ ಪೆಟ್ಟಿಗೆಯೊಂದನ್ನು ಕೊಂಡುಕೊಂಡು ಪ್ರತಿ ಸಲವೂ ಜೊತೆಗೆ ಒಯ್ಯಿರಿ. ಆಟೋಕ್ಲೇವ್ ಇಟ್ಟುಕೊಳ್ಳಲಾಗದ ಬಡಾವಣೆಯ ಬ್ಯೂಟಿ ಪಾರ್ಲರಿನಲ್ಲೂ, ಮನೆಗೇ ಬಂದು ಮಾಡುವವರ ಬಳಿಯೂ ಸೋಂಕಿನ ಆತಂಕವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ತಗ್ಗಿಸುವ ದಾರಿ ಇನ್ನೊಂದಿಲ್ಲ. ಒಳ್ಳೆಯ ಕೆಲಸಗಾರರು ಇದರಿಂದ ಬೇಸರಪಟ್ಟುಕೊಳ್ಳುವುದಿಲ್ಲ.

ಬಾಟಲಿಗಳ ಮೇಲಿನ ಚೀಟಿಯನ್ನೂ ಓದಿ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಅದರ ಮೇಲಿರಬೇಕು. ಆಮದಾದದ್ದಾದರೆ ಆಮದುದಾರರ ವಿವರ ಮತ್ತು ನೋಂದಣಿ ಸಂಖ್ಯೆಯೂ ಇರಬೇಕು. ಯಾವ ಹೆಸರೂ ಇಲ್ಲದ ಡಬ್ಬಿಯಿಂದ ತೆಗೆದು ಹಚ್ಚುವ ಅಗ್ಗದ ಅಕ್ರಿಲಿಕ್ಕಿನ ಬಗ್ಗೆ ವಿಶೇಷ ಎಚ್ಚರ ಬೇಕು. ಹಲ್ಲಿನ ಸೆಟ್ ತಯಾರಿಕೆಯಲ್ಲಿ ಬಳಸುವ ಮೀಥೈಲ್ ಮೆಥಾಕ್ರಿಲೇಟ್ ಎಂಬ ದ್ರವ ಬೆಲೆಯಲ್ಲಿ ಅಗ್ಗವಾದ್ದರಿಂದ ಕೆಲವರು ಅದನ್ನೇ ಉಗುರಿಗೂ ಬಳಸುತ್ತಾರೆ. ಉಗುರಿಗೆ ಹಾನಿ, ಅಲರ್ಜಿಗಳ ದೂರು ಬಂದದ್ದರಿಂದ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1970ರ ದಶಕದಲ್ಲೇ ಅದರ ವಿರುದ್ಧ ಕ್ರಮ ಕೈಗೊಂಡಿತ್ತು. ಅದು ಎಷ್ಟು ಗಟ್ಟಿಯಾಗುತ್ತದೆಂದರೆ ಎಲ್ಲಾದರೂ ತಗುಲಿದಾಗ ಕೃತಕ ಉಗುರು ಮುರಿಯುವ ಬದಲು ಅದರ ಅಡಿಯ ನಿಜವಾದ ಉಗುರೇ ಕಿತ್ತುಬರುತ್ತದೆ. ಬಣ್ಣ ತೆಗೆಯಲು ಬಳಸುವ ಅಸಿಟೋನಿನಲ್ಲೂ ಅದು ಸುಲಭವಾಗಿ ಕರಗುವುದಿಲ್ಲ. ತೀರಾ ಕಟುವಾದ ವಾಸನೆ ಮತ್ತು ನಂಬಲಾಗದಷ್ಟು ಕಡಿಮೆ ಬೆಲೆ ಒಟ್ಟಿಗೆ ಕಂಡರೆ ಕೇಳಿ ತಿಳಿದುಕೊಳ್ಳಬೇಕು. ಜೆಲ್ಲಿನ ವಿಷಯದಲ್ಲಿ, ಅದನ್ನು ಗಟ್ಟಿಯಾಗಿಸಲು ಬಳಸುವ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಅದಿಲ್ಲದ ಜೆಲ್‌ಗಳು ಮಾರುಕಟ್ಟೆಯಲ್ಲಿವೆ, ಕೇಳಿ ಪಡೆಯಬಹುದು.

ಕೆಲಸ ನಡೆಯುವಾಗ

ಫೋನನ್ನು ಪಕ್ಕಕ್ಕಿಟ್ಟು ಕೈಯನ್ನು ಗಮನಿಸಬೇಕಾದ ಹೊತ್ತು ಇದು. ಉಗುರಿನ ಬುಡದ ತೆಳುಚರ್ಮ ಸೋಂಕು ಒಳಹೋಗದಂತೆ ತಡೆಯುವ ಕಟ್ಟೆ. ಅದನ್ನು ನೀರಿನಲ್ಲಿ ಮೆದುಮಾಡಿ ಹಿಂದಕ್ಕೆ ತಳ್ಳಿದರೆ ಸಾಕು. ಸುತ್ತ ಕತ್ತರಿಸುತ್ತಾ ಹೋದರೆ ನಾಲ್ಕೈದು ದಿನಗಳಲ್ಲಿ ಉಗುರುಸುತ್ತು ಆಗಿ ಬೆರಳು ಬಾತುಕೊಳ್ಳುವ ಸಾಧ್ಯತೆ ಇರುತ್ತದೆ. "ಕ್ಯೂಟಿಕಲ್ ಕತ್ತರಿಸಬೇಡಿ, ತಳ್ಳಿದರೆ ಸಾಕು" ಎಂದು ಮೊದಲೇ ಹೇಳಿ. ಉಗುರು ಉಜ್ಜುವ ಡ್ರಿಲ್ ಯಂತ್ರ ಬಳಸುವಾಗ ಬಿಸಿ ಅನ್ನಿಸಿದರೆ ತಕ್ಷಣ ನಿಲ್ಲಿಸಲು ಹೇಳಿ. ಬುಡದ ಹತ್ತಿರ ಕೆಂಪು ಉಂಗುರದಂಥ ಗೆರೆ ಮೂಡಿದ್ದರೆ ಉಗುರು ಅತಿಯಾಗಿ ಸವೆದಿದೆ ಎಂದರ್ಥ.

ಕೆಲಸಗಾರರ ನೈಪುಣ್ಯವನ್ನು ಅಳೆಯಲು ನಾನು ನೋಡುವುದು ಒಂದೇ ಕ್ಷಣವನ್ನು. ಜೆಲ್ ಹಚ್ಚಿ ಮುಗಿಸಿ ಕೈಯನ್ನು ದೀಪದೊಳಗೆ ಇಡುವ ಮುನ್ನ, ನುರಿತವರು ಬೆರಳನ್ನು ಒಮ್ಮೆ ಓರೆಯಾಗಿ ತಿರುಗಿಸಿ ನೋಡಿ, ಚರ್ಮದ ಮೇಲೆ ಹರಿದಿರುವ ಜೆಲ್ಲನ್ನು ಮರದ ಕಡ್ಡಿಯ ತುದಿಯಿಂದ ಸುತ್ತಲೂ ಗೀರಿ ತೆಗೆಯುತ್ತಾರೆ. ಬಣ್ಣಕ್ಕೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ತೆರವು ಉಳಿಯುತ್ತದೆ. ಇದನ್ನು ಮಾಡದವರ ಕೈಯಲ್ಲಿ ಜೆಲ್ ಚರ್ಮದ ಮೇಲೆಯೇ ಗಟ್ಟಿಯಾಗಿ, ಕೆಲವೇ ದಿನಗಳಲ್ಲಿ ಅಲ್ಲಿಂದಲೇ ಏಳತೊಡಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಅಲರ್ಜಿ. ಪೂರ್ತಿ ಗಟ್ಟಿಯಾಗದ ಜೆಲ್ಲಿನಲ್ಲಿರುವ ಹೇಮಾ (HEMA) ಮೊದಲಾದ ಅಕ್ರಿಲೇಟ್ ರಾಸಾಯನಿಕಗಳು ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ದೇಹ ಅವುಗಳ ವಿರುದ್ಧ ತಿರುಗಿಬೀಳುತ್ತದೆ, ಮತ್ತು ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ದೀಪದೊಳಗೆ ಉಗುರು ಚುರುಗುಟ್ಟಿದರೆ ಸಹಿಸಿಕೊಂಡು ಕೂರಬಾರದು. ಪದರ ದಪ್ಪವಾಗಿದ್ದರೆ ಜೆಲ್ ಗಟ್ಟಿಯಾಗುವಾಗ ಶಾಖ ಹೆಚ್ಚು ಹುಟ್ಟುತ್ತದೆ. ಕೈಯನ್ನು ಹೊರಗೆಳೆದು, ತೆಳುಪದರ ಹಚ್ಚಲು ಹೇಳಿ. ಈ ದೀಪಗಳ ನೇರಳಾತೀತ ಕಿರಣಗಳು ಜೀವಕೋಶಗಳಿಗೆ ಹಾನಿಮಾಡುವುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು 2023ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಅದು ಪಾತ್ರೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಪ್ರಯೋಗ, ಅಷ್ಟರಿಂದಲೇ ಗಾಬರಿಯಾಗಬೇಕಿಲ್ಲ. ಆದರೆ ಕೈಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವುದು, ಇಲ್ಲವೇ ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಳ್ಳುವುದು ಕಷ್ಟವೇನಲ್ಲ. ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿಯ ಸಲಹೆಯೂ ಇದೇ.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಲ್ಲಿ ಮಣಿಪುರ, ನಾಗಾಲ್ಯಾಂಡ್, ಡಾರ್ಜಿಲಿಂಗ್ ಕಡೆಯಿಂದ ಬಂದ ಯುವಜನರು ಬಹಳ. ದಿನವಿಡೀ ಬೆನ್ನು ಬಗ್ಗಿಸಿ, ಅಸಿಟೋನಿನ ಆವಿ ಮತ್ತು ಉಗುರಿನ ಪುಡಿಯ ನಡುವೆ ಕುಳಿತು ದುಡಿಯುವವರು ಅವರು. ಸೂಚನೆಗಳನ್ನು ಸೌಜನ್ಯದಿಂದ, ಕೆಲಸ ಶುರುವಾಗುವ ಮೊದಲೇ ಹೇಳಿ. ಕೆಲಸ ಮೆಚ್ಚಿಗೆಯಾದರೆ ಟಿಪ್ಸನ್ನು ಅವರ ಕೈಗೇ ಕೊಟ್ಟು, ಹೆಸರು ಕೇಳಿಕೊಂಡು, ಮುಂದಿನ ಸಲ ಅವರನ್ನೇ ಕೇಳಿ ಬುಕ್ ಮಾಡಿ. ನೀವು ಹುಡುಕುತ್ತಿರುವ ಗುಣಮಟ್ಟ ಅಂಗಡಿಯ ಹೆಸರಿಗಿಂತ ಹೆಚ್ಚಾಗಿ ಒಬ್ಬ ವ್ಯಕ್ತಿಯ ಕೈಯಲ್ಲಿರುತ್ತದೆ.

ಪೆಡಿಕ್ಯೂರ್, ಮದುವೆಯ ಸಿದ್ಧತೆ

ಪೆಡಿಕ್ಯೂರಿನಲ್ಲಿ ಅಪಾಯದ ಮೂಲ ನೀರಿನ ತೊಟ್ಟಿ. 2000ದಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಎಂಬಲ್ಲಿ ಒಂದೇ ಸಲೂನಿನ ನೂರಕ್ಕೂ ಹೆಚ್ಚು ಗ್ರಾಹಕರ ಕಾಲುಗಳಲ್ಲಿ ತಿಂಗಳುಗಟ್ಟಲೆ ಮಾಯದ ಬೊಕ್ಕೆಗಳೆದ್ದವು. ನೀರು ಸುಳಿಯುವ ಪಾದಸ್ನಾನದ ತೊಟ್ಟಿಗಳ ಜಾಲರಿಯ ಹಿಂದೆ ಕೂದಲು, ಸತ್ತ ಚರ್ಮ ಸೇರಿ ಅಲ್ಲಿ ಮೈಕೋಬ್ಯಾಕ್ಟೀರಿಯಾ ಎಂಬ ರೋಗಾಣು ಬೆಳೆದಿತ್ತು. ಕಾಲಿನ ಕೂದಲು ಬೋಳಿಸಿಕೊಂಡು ಹೋದವರಿಗೆ ಅಪಾಯ ಹೆಚ್ಚಾಗಿತ್ತು. ಆದ್ದರಿಂದ ಪೆಡಿಕ್ಯೂರಿನ ಹಿಂದಿನ ದಿನ ಶೇವಿಂಗ್, ವ್ಯಾಕ್ಸಿಂಗ್ ಬೇಡ. ದುಬಾರಿ ಸುಳಿನೀರಿನ ಕುರ್ಚಿಗಿಂತ, ಪ್ರತಿಯೊಬ್ಬರಿಗೂ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿ ಕೊಡುವ ಸಾದಾ ಟಬ್ ಸುರಕ್ಷಿತ. ಹಿಮ್ಮಡಿಯ ಒರಟು ಚರ್ಮವನ್ನು ಬ್ಲೇಡಿನಿಂದ ಕೆತ್ತಲು ಬಿಡಬೇಡಿ. ಉಗುರಿನ ಮೂಲೆಗಳನ್ನು ಒಳಕ್ಕೆ ಕತ್ತರಿಸದೆ ನೇರವಾಗಿ ಕತ್ತರಿಸಲು ಹೇಳಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು ವೈದ್ಯರನ್ನು ಕೇಳದೆ ಪೆಡಿಕ್ಯೂರಿಗೆ ಹೋಗಲೇಬಾರದು.

ಮದುವೆಗೆಂದು ಮಾಡಿಸುವವರು ಉಗುರಿನ ಕೆಲಸ ಮೊದಲು, ಮದರಂಗಿ ಆಮೇಲೆ ಎಂಬ ಕ್ರಮ ಇಟ್ಟುಕೊಳ್ಳಬೇಕು. ಮದರಂಗಿಯ ನಂತರ ನೀರಿನಲ್ಲಿ ನೆನೆಸಿ ಉಜ್ಜಿದರೆ ಬಣ್ಣ ಮಾಸುತ್ತದೆ. ಹಚ್ಚುವಾಗ ಉಗುರಿನ ಮೇಲೆ ಬಿದ್ದ ಮದರಂಗಿಯನ್ನು ಆಗಿಂದಾಗಲೇ ಒರೆಸಿಸಿ. ಅರಿಶಿನ ಶಾಸ್ತ್ರ ಇನ್ನೂ ಬಾಕಿ ಇದ್ದರೆ ತಿಳಿಬಣ್ಣದ ಯೋಚನೆ ಬಿಡುವುದು ಮೇಲು.

ತೆಗೆಸುವಾಗ, ಆಮೇಲೆ

ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಫಾಯಿಲ್ ಸುತ್ತಿ, ಹತ್ತು ಹದಿನೈದು ನಿಮಿಷ ಬಿಟ್ಟರೆ ಜೆಲ್ ತಾನಾಗಿ ಮೆತ್ತಗಾಗಿ ಜಾರುತ್ತದೆ. ಜಾರದ ಭಾಗವನ್ನು ಮತ್ತೆ ನೆನೆಸಬೇಕೇ ಹೊರತು ಲೋಹದ ಪುಷರಿನಿಂದ ಮೀಟಿ ಎಬ್ಬಿಸಬಾರದು. ಮೀಟಿದಾಗ ಜೆಲ್ಲಿನ ಜೊತೆ ಉಗುರಿನ ಪದರಗಳೂ ಕಿತ್ತುಬರುತ್ತವೆ. ಮನೆಯಲ್ಲಿ ಟಿವಿ ನೋಡುತ್ತಾ ಅಂಚನ್ನು ಕೀಳುವ ಅಭ್ಯಾಸವೂ ಅಷ್ಟೇ ಹಾನಿಕರ. ಕೆಲವು ಗಟ್ಟಿ ಜೆಲ್‌ಗಳು ಅಸಿಟೋನಿನಲ್ಲಿ ಕರಗುವುದೇ ಇಲ್ಲ, ಉಜ್ಜಿಯೇ ತೆಗೆಯಬೇಕು. ಆದ್ದರಿಂದ ಹಾಕಿಸುವ ದಿನವೇ "ಇದು ಕರಗುವಂಥದ್ದೇ?" ಎಂದು ಕೇಳಿ, ತೆಗೆಸಲು ಪ್ರತ್ಯೇಕ ಸಮಯ ಕೊಡುವ ಸಲೂನನ್ನೇ ಆರಿಸಿ. ತೆಗೆಯುವುದಕ್ಕೆ ಕೊಡುವ ₹200–₹300 ವ್ಯರ್ಥವೆಂದು ನನಗೆ ಎಂದೂ ಅನ್ನಿಸಿಲ್ಲ.

ಮೊದಲ ವಾರದಲ್ಲೇ ಅಂಚು ಎದ್ದರೆ ಫೋಟೊ ತೆಗೆದು, ಬಿಲ್ಲಿನೊಂದಿಗೆ ಹೋಗಿ ಸರಿಪಡಿಸಿಕೊಡಲು ಕೇಳಿ. ಒಳ್ಳೆಯ ಸಲೂನುಗಳು ಇದಕ್ಕೆ ಹಣ ಕೇಳುವುದಿಲ್ಲ. ಎದ್ದ ಭಾಗವನ್ನು ಅಂಟಿನಿಂದ ಮುಚ್ಚಬೇಡಿ, ಸಂದಿಯಲ್ಲಿ ನೀರು ನಿಂತು ಬ್ಯಾಕ್ಟೀರಿಯಾ ಬೆಳೆದರೆ ಉಗುರು ಹಸಿರುಗಟ್ಟುತ್ತದೆ. ಮುಂಗಡ ಹಣ ಹಿಂದಿರುಗಿಸದಂಥ ತಕರಾರುಗಳಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು. ಬೆರಳ ತುದಿಯಲ್ಲಿ ತುರಿಕೆ, ಬಿರುಕು, ನೀರುಗುಳ್ಳೆ ಕಂಡರೆ, ಅಥವಾ ಉಗುರು ತನ್ನ ಅಡಿಯ ಚರ್ಮದಿಂದ ಬಿಡಿಸಿಕೊಳ್ಳತೊಡಗಿದರೆ, ಬೇರೆ ಬ್ರ್ಯಾಂಡಿನ ಜೆಲ್ ಪ್ರಯತ್ನಿಸುವುದನ್ನು ಬಿಟ್ಟು ಚರ್ಮರೋಗ ತಜ್ಞರ ಬಳಿ ಹೋಗಿ, ಬಳಸಿದ ಬಾಟಲಿಯ ಫೋಟೊ ತೋರಿಸಿ. ಅಕ್ರಿಲೇಟ್ ಅಲರ್ಜಿ ಎಂದು ಖಚಿತವಾದರೆ ಹಲ್ಲಿನ ವೈದ್ಯರಿಗೂ, ಮುಂದೆ ಮೂಳೆಯ ಶಸ್ತ್ರಚಿಕಿತ್ಸೆ ಮಾಡುವವರಿಗೂ ಅದನ್ನು ತಿಳಿಸಬೇಕು. ಹಲ್ಲು ತುಂಬುವ ಸಾಮಗ್ರಿಯಲ್ಲಿ ಮತ್ತು ಮೂಳೆ ಜೋಡಿಸುವ ಸಿಮೆಂಟಿನಲ್ಲಿ ಅದೇ ಕುಟುಂಬದ ರಾಸಾಯನಿಕಗಳಿರುತ್ತವೆ.